ಟವೆಲ್ಲಿನ ಮೇಲೆ ಮಾಮಾನ ಸಿಟ್ಟು

ನಮ್ಮ ಸೋದರಮಾವನ ಮನೆಯಲ್ಲಿ ಹದಿನಾಲ್ಕು ವರ್ಷ ಒಂದೇ ಒಂದು ಟವೆಲ್ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆ ಮನೆಯಲ್ಲಿ ಐದು ವರ್ಷ ಇದ್ದು, ತಲೆಗೆ ನೀರು ಹಾಕಿಕೊಂಡ ದಿನವೆಲ್ಲ ಜಡೆಯಿಂದ ನೀರು ತೊಟ್ಟಿಕ್ಕಿಸುತ್ತ ಕಾಲೇಜಿಗೆ ಹೋದವಳು ನಾನು. ನಗುವ ಹಕ್ಕು ನನಗೂ ಇದೆ! ಬಡತನವೇ? ಅಲ್ಲ. ಜಿಪುಣತನವೇ? ಅದೂ ಅಲ್ಲ. ಮಾಮಾ ಶಾಸಕರಾಗಿದ್ದರು, ಅದರಲ್ಲೂ ರೈತರ ಪರ ಶಾಸಕರು. ಬೇರೆ ಮುಖಂಡರು ಬೀಜ, ಗೊಬ್ಬರ, ನೀರು, ಕರೆಂಟು ಎಂದು ಮೈಕು ಹಿಡಿದು ಕೂಗುತ್ತಿದ್ದ ಕಾಲದಲ್ಲಿ ನಮ್ಮ ಮಾಮಾ ಒಬ್ಬರೇ ‘ಟವೆಲ್’ ಎಂದು ಕೂಗುತ್ತಿದ್ದರು. ರೈತನ ಮೊದಲ ಶತ್ರು ಟವೆಲ್ಲು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಹಳೆಯ ಪೇಟೆಗಳಲ್ಲಿ ಮಾಲಿಗೆ ಬೆಲೆ ಕಟ್ಟುತ್ತಿದ್ದುದು ಬಾಯಿಂದಲ್ಲ, ಬೆರಳಿನಿಂದ. ದಲಾಲ ಮತ್ತು ಖರೀದಿಗೆ ಬಂದ ಸಾಹುಕಾರ ಎದುರುಬದುರು ನಿಲ್ಲುತ್ತಿದ್ದರು. ಹೆಗಲ ಮೇಲಿನ ಟವೆಲ್ಲನ್ನು ಕೈಗಳ ಮೇಲೆ ಹೊದಿಸಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ಮುಷ್ಟಿ ಹಿಡಿದರೆ ಇನ್ನೊಂದು ಲೆಕ್ಕ. ಇಬ್ಬರ ಮುಖ ನೋಡಿದರೆ ಮಾತ್ರ ಮಧ್ಯಾಹ್ನದ ಊಟಕ್ಕೆ ಏನು ಎಂದು ಯೋಚಿಸುತ್ತಿರುವಂತೆ ಕಾಣುತ್ತಿತ್ತು. ಮಾಲು ಬೆಳೆದ ರೈತ ಪಕ್ಕದಲ್ಲೇ ನಿಂತು ಆ ಟವೆಲ್ಲು ಅಲುಗಾಡುವುದನ್ನು ನೋಡುತ್ತಿದ್ದ. ಕೈಗಳು ಹೊರಗೆ ಬಂದ ಮೇಲೆ ಅವನಿಗೆ ತನ್ನ ಮಾಲಿನ ಬೆಲೆ ತಿಳಿಯುತ್ತಿತ್ತು.

ಮಾಮಾ ಎಂಟು ವರ್ಷದವರಿದ್ದಾಗ ಅಜ್ಜನ ಜೊತೆ ಗಾಡಿಯಲ್ಲಿ ಶೇಂಗಾ ಹೇರಿಕೊಂಡು ಅಂಥ ಒಂದು ಪೇಟೆಗೆ ಹೋಗಿದ್ದರಂತೆ. ಟವೆಲ್ಲು ಕುಣಿಯುವುದನ್ನು ಬಹಳ ಹೊತ್ತು ನೋಡಿದ್ದಾರೆ. ಒಳಗೆ ಇಲಿಮರಿ ಇದೆ ಎಂದುಕೊಂಡರೋ ಏನೋ, ಹೋಗಿ ಸರ್ರನೆ ಟವೆಲ್ಲು ಎತ್ತಿಬಿಟ್ಟಿದ್ದಾರೆ! ಸಾಹುಕಾರ ಕೈ ಹಿಂದಕ್ಕೆಳೆದುಕೊಂಡ. ಆಗ ಮಾಮಾನ ಎಡಗೆನ್ನೆಗೆ ಒಂದು ಏಟು ಬಿತ್ತು. ಕೊಟ್ಟವರು ದಲಾಲನಲ್ಲ, ಸಾಹುಕಾರನಲ್ಲ, ಸ್ವತಃ ಅಜ್ಜ. ‘ದೊಡ್ಡವರು ಮಾತಾಡೂಮುಂದ ನಡಕ ಬರ್ತೀಯೇನಲೇ?’ ಎಂದರಂತೆ. ‘ಮಾಲು ನಮ್ಮದು. ನಮಗ ಯಾಕ ಹೇಳಂಗಿಲ್ಲ?’ ಎಂದು ಹುಡುಗ ಅಳುತ್ತ ಕೇಳಿದನಂತೆ. ಈ ಕಥೆ ಹೇಳುವಾಗಲೆಲ್ಲ ಮಾಮಾನ ಎಡಗೈ ತಾನಾಗಿ ಎಡಗೆನ್ನೆಗೆ ಹೋಗುತ್ತಿತ್ತು. ಐವತ್ತು ದಾಟಿದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ.

ಹುಡುಗ ಬೆಳೆದು ವಕೀಲಿ ಓದಿದ. ಸೊಲ್ಲಾಪುರದ ಆಚೆ, ಗಡಿಯ ಒಂದು ತಾಲ್ಲೂಕಿನಿಂದ ಪಕ್ಷೇತರನಾಗಿ ನಿಂತು, ದೊಡ್ಡ ಪಕ್ಷದ ಇಬ್ಬರು ಒಬ್ಬರನ್ನೊಬ್ಬರು ಕೆಡವುವ ಗದ್ದಲದಲ್ಲಿ ತಾನು ಗೆದ್ದುಬಿಟ್ಟ! ಮಾಮಿಗೆ ಪುಣೆಯ ಶಿವಾಜಿನಗರದ ಒಂದು ಕಚೇರಿಯಲ್ಲಿ ನೌಕರಿ. ಆದ್ದರಿಂದ ಮನೆ ಪುಣೆಯಲ್ಲಿ, ಮತದಾರರು ಊರಲ್ಲಿ, ವಿಧಾನಸಭೆ ಮುಂಬಯಿಯಲ್ಲಿ. ತೊಂಬತ್ತರ ದಶಕದ ನಡುವೆ ನಾನು ವಿಜಾಪುರದಿಂದ ಕಾಲೇಜು ಕಲಿಯಲು ಬಂದು ಆ ಮನೆಯಲ್ಲಿ ಇಳಿದಾಗ, ಮಾಮಾ ಬಾಗಿಲಲ್ಲೇ ನನ್ನ ಚೀಲ ಬಿಚ್ಚಿಸಿ, ಅವ್ವ ಮಡಚಿ ಇಟ್ಟಿದ್ದ ಹೊಸ ಟರ್ಕಿ ಟವೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಹೊರತೆಗೆದರು.

‘ಇದು ಒಳಗ ಬರಂಗಿಲ್ಲ’ ಎಂದರು.

‘ಮತ್ತ ಮೈ ಹೆಂಗ ಒರಸ್ಕೊಳ್ಲಿ, ಮಾಮಾ?’

‘ನಿಮ್ಮ ಮಾಮಿ ಹಳೇ ಸೀರಿ ಹರದು ತುಂಡು ಮಾಡಿಟ್ಟಾಳ. ವಾಯಲ್ ಸೀರಿ. ಕೆಳಗ ಬೆರಳು ಇಟ್ರ ಮ್ಯಾಲಿಂದ ಎಣಸಬಹುದು. ಅಂಥಾ ಅರಿವಿಗೆ ನಂದೇನೂ ತಕರಾರಿಲ್ಲ.’

ನನ್ನ ಟವೆಲ್ಲು ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಗೆ ಹೋಯಿತು. ಅಲ್ಲಿ ಅದಕ್ಕೆ ಒಳ್ಳೆಯ ಸಂಗಡಿಗರಿದ್ದರು. ಊರಿನಿಂದ ಕೆಲಸ ಹಿಡಿದು ಬರುವ ಪ್ರತಿಯೊಬ್ಬ ರೈತನ ಹೆಗಲ ಮೇಲೂ ಒಂದು ಟವೆಲ್ಲು ಇರುತ್ತಿತ್ತಲ್ಲ! ಚಪ್ಪಲಿಯ ಜೊತೆ ಟವೆಲ್ಲನ್ನೂ ಹೊರಗೆ ಬಿಟ್ಟು ಒಳಗೆ ಬರಬೇಕು. ಹೊರಡುವಾಗ ಯಾರದ್ದು ಯಾವುದು ಎಂದು ಗುರುತು ಸಿಗದೆ, ನೀರಾವರಿಯ ಅರ್ಜಿ ಕೊಡಲು ಒಟ್ಟಿಗೆ ಬಂದ ಇಬ್ಬರು ನಮ್ಮ ಮೆಟ್ಟಿಲ ಮೇಲೆ ಕೆಂಪು ಅಂಚಿನ ಟವೆಲ್ಲಿಗಾಗಿ ಜಗಳ ಆಡಿ, ಬೇರೆ ಬೇರೆ ಗಾಡಿಯಲ್ಲಿ ಊರಿಗೆ ಹೋದದ್ದುಂಟು. ‘ನೋಡಿದ್ಯಾ? ರೈತರನ್ನ ಒಡೀತದ ಇದು!’ ಎಂದರು ಮಾಮಾ. ಅವರ ವಾದಕ್ಕೆ ಪುರಾವೆ ತಾನಾಗಿಯೇ ನಡೆದು ಬರುತ್ತಿತ್ತು.

ಒಮ್ಮೆ ಮೂವರೂ ಲೋಕಲ್ ರೈಲಿನಲ್ಲಿ ದೇಹೂ ರೋಡಿಗೆ ಹೊರಟಿದ್ದೆವು, ಮಾಮಿಯ ಗೆಳತಿಯ ಮನೆಗೆ. ಎದುರಿನ ಸೀಟಿನಲ್ಲಿ ಒಬ್ಬ ಮಿಲಿಟರಿ ಜವಾನ, ಈಟಿಯಂಥ ಮೀಸೆ. ಪಕ್ಕದಲ್ಲಿ ಹಸಿರು ಬಳೆಯ ಹೊಸ ಹೆಂಡತಿ. ಚಳಿಗಾಲ, ಇಬ್ಬರ ಮೊಣಕಾಲ ಮೇಲೂ ಒಂದೇ ಶಾಲು. ಶಾಲಿನ ನಡುವೆ ಸಣ್ಣಗೆ ಅಲುಗಾಟ. ಇಬ್ಬರ ಮುಖವೂ ಕಿಟಕಿಯ ಹೊರಗೆ! ಮಾಮಾನ ಕಣ್ಣು ಆ ಶಾಲಿನ ಮೇಲೆ ನೆಟ್ಟಿತು. ಮಾಮಿ ‘ರೀ… ಬ್ಯಾಡ್ರಿ…’ ಎನ್ನುವುದರೊಳಗೆ ಮಾಮಾ ಎದ್ದು ಶಾಲು ಎತ್ತಿ, ‘ಭಾವ್ ಉಘಡ್ ಸಾಂಗಾ!’ ಎಂದು ಮರಾಠಿಯಲ್ಲಿ ಗರ್ಜಿಸಿದರು. ಬೆಲೆ ಬಹಿರಂಗವಾಗಿ ಹೇಳಿ ಎಂದರ್ಥ. ಕೆಳಗೆ ಏನಿತ್ತು? ಎರಡು ಕೈ, ಅಷ್ಟೇ. ಒಂದರಲ್ಲಿ ಮೆಹಂದಿ ಇನ್ನೂ ಕೆಂಪಗಿತ್ತು.

ನಾನು ಕಣ್ಣು ಮುಚ್ಚಿಕೊಂಡೆ. ಜವಾನ ಎದ್ದು ನಿಂತ. ಮಾಮಾನಿಗಿಂತ ಒಂದು ಮೊಳ ಎತ್ತರ. ‘ಭಾವ ಠರಾವಾಗಿ ಎಂಟು ದಿನ ಆಯ್ತು, ಕಾಕಾ. ಇಬ್ಬರಿಗೂ ಒಪ್ಪಿಗೆ ಅದೆ’ ಎಂದು ಮರಾಠಿಯಲ್ಲೇ ಹೇಳಿ, ಶಾಲನ್ನು ಮತ್ತೆ ಹೊದಿಸಿಕೊಂಡು ಕುಳಿತ. ಇಡೀ ಡಬ್ಬಿ ಬಿದ್ದು ಬಿದ್ದು ನಕ್ಕಿತು. ಮುಂದಿನ ಸ್ಟೇಷನ್ನಿನಲ್ಲಿ ಮಾಮಿ ಇಳಿದು ಹೆಂಗಸರ ಡಬ್ಬಿಗೆ ಹೋಗಿ ಹತ್ತಿದರು. ಮಾಮಾ ಮಾತ್ರ ತೃಪ್ತಿಯಿಂದ, ‘ಕೇಳಿದ ಕೂಡಲೇ ಬಾಯಿಬಿಟ್ಟು ಹೇಳಿದ. ಇಂಥವರು ಪೇಟೆಯೊಳಗ ಬೇಕು’ ಎಂದರು.

ಇನ್ನು ತರಕಾರಿ ತರಲು ಅವರನ್ನು ಕಳಿಸುವುದೆಂದರೆ! ಹಡಪಸರದ ರಸ್ತೆ ಬದಿಯಲ್ಲಿ ಕಲಬುರ್ಗಿ ಕಡೆಯ ಒಬ್ಬ ಹೆಂಗಸು ಬದನೆಕಾಯಿ ಹರಡಿಕೊಂಡು ಕೂರುತ್ತಿದ್ದಳು. ಗಂಡ ಕಟ್ಟಡದ ಕೆಲಸಕ್ಕೆ, ಇವಳು ಬದನೆಕಾಯಿಗೆ. ಮಾಮಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೇಳಿದರು: ‘ಕಿಲೋ ಹೆಂಗ, ತಂಗೀ?’

‘ನಾಕು ರೂಪಾಯಿ, ಯಪ್ಪಾ.’

‘ಇದು ನಿನ್ನ ಭಾವನೋ, ಬ್ಯಾರೇದವರು ಹೇಳಿಕೊಟ್ಟ ಭಾವನೋ? ನಿನ್ನ ಮನಸಿನ್ಯಾಗ ಎಷ್ಟದ? ಜೋರಾಗಿ ಹೇಳು!’

‘ನಾಕರ ಕೊಡು, ಮೂರುವರಿನರ ಕೊಡು. ಒದರಬ್ಯಾಡ.’

‘ಮೂರುವರಿ ಯಾಕ? ಆರು ಅನ್ನು! ಅಂಜಬ್ಯಾಡ!’

ಜಗತ್ತಿನಲ್ಲಿ ಎಲ್ಲಾದರೂ ಹೀಗೆ ಚೌಕಾಶಿ ನಡೆದೀತೇ? ಗಿರಾಕಿ ಏರಿಸುತ್ತಿದ್ದಾನೆ, ಮಾರುವವಳು ಇಳಿಸುತ್ತಿದ್ದಾಳೆ! ಕೊನೆಗೆ ಆ ಹೆಂಗಸು ಇವರು ಮುನಿಸಿಪಾಲಿಟಿಯ ಮಫ್ತಿ ಸಾಹೇಬರೇ ಇರಬೇಕೆಂದು, ‘ಪುಕ್ಕಟ ಒಯ್ಯಪ್ಪಾ, ಕೇಸು ಮಾಡಬ್ಯಾಡ’ ಎಂದು ಎರಡು ಕಿಲೋ ಚೀಲಕ್ಕೆ ಸುರಿದು ಕೈ ಮುಗಿದಳು. ಮಾಮಾ ಆರರಂತೆ ಅವಳ ಕೈಯಲ್ಲಿಟ್ಟು ಗೆದ್ದ ಮುಖದಿಂದ ಮನೆಗೆ ಬಂದರು. ಮರುದಿನ ಮಾಮಿ ಹೋದಾಗ ಇಡೀ ಸಾಲಿನಲ್ಲಿ ಯಾರೂ ಆರಕ್ಕಿಂತ ಕೆಳಗೆ ಇಳಿಯಲಿಲ್ಲ. ‘ನಿಮ್ಮ ಮನಿಯವರೇ ಹೇಳ್ಯಾರ್ರಿ’ ಎಂದರಂತೆ. ಆ ವಾರವೆಲ್ಲ ನಮ್ಮ ಮನೆಯಲ್ಲಿ ಬರೀ ಬೇಳೆ ಸಾರು.

ಇಷ್ಟೆಲ್ಲ ಹುಚ್ಚಾಟದ ನಡುವೆ ಮಾಮಾನಿಗೆ ನಿಜವಾಗಿ ಬೇಕಾಗಿದ್ದುದು ಒಂದೇ. ಅವರದೊಂದು ಖಾಸಗಿ ಮಸೂದೆ ಇತ್ತು. ಮಂತ್ರಿಯಲ್ಲದ ಶಾಸಕ ತಾನಾಗಿ ತರುವ ಮಸೂದೆ. ಮೊದಲ ಸಲ ಗೆದ್ದಾಗಲೇ ಬರೆದಿಟ್ಟದ್ದು. ಅದರ ಸಾರ ಒಂದೇ ಸಾಲು: ಬಟ್ಟೆಯ ಕೆಳಗೆ ಬೆಲೆ ಕಟ್ಟಬಾರದು, ಮಾಲಿನ ಒಡೆಯನ ಕಿವಿಗೆ ಬೀಳುವಂತೆ ಬಾಯಿಬಿಟ್ಟು ಹೇಳಬೇಕು. ಮನೆಗೆ ಬಂದ ಒಬ್ಬ ಅಧಿಕಾರಿ, ‘ಸಾಹೇಬರ, ಹಿಂಗ ಮಾಡಬಾರದು ಅಂತ ಮೊದಲೇ ನಿಯಮ ಅದ ಅಲ್ರೀ’ ಎಂದದ್ದಕ್ಕೆ ಮಾಮಾ, ‘ನಿಯಮಾನೂ ಅದ, ಟವೆಲ್ಲೂ ಅದ’ ಎಂದಿದ್ದರು. ಇಂಥ ಮಸೂದೆಗಳಿಗೆ ಸದನದಲ್ಲಿ ಸಿಗುವುದು ಶುಕ್ರವಾರದ ಕೊನೆಯ ಸ್ವಲ್ಪ ಹೊತ್ತು, ಅದೂ ಸರದಿ ಬಂದರೆ. ಸರದಿ ಬರುವಷ್ಟರಲ್ಲಿ ಗದ್ದಲವಾಗಿ ಸದನ ಮುಂದಕ್ಕೆ ಹೋಗುತ್ತಿತ್ತು. ಹೀಗೆ ಎಷ್ಟೋ ಶುಕ್ರವಾರಗಳು ಹೋದವು.

ಆದರೂ ಯಾವಾಗ ಕರೆ ಬಂದೀತೋ ಎಂದು ಅವರು ಪ್ರತಿ ಗುರುವಾರ ಸಂಜೆ ಊಟದ ಮೇಜಿನ ಮುಂದೆ ತಾಲೀಮು ಮಾಡುತ್ತಿದ್ದರು. ಮಾಮಿ ಸಭಾಧ್ಯಕ್ಷರು. ದೇವರ ಮನೆಯ ಗಂಟೆ ಅವರ ಕೈಯಲ್ಲಿ. ನಾನು ಕೃಷಿ ಮಂತ್ರಿ! ನನಗೆ ಇದ್ದದ್ದು ಒಂದೇ ಮಾತು: ‘ಮಾಹಿತಿ ಸಂಗ್ರಹಿಸಲಾಗುತ್ತಿದೆ.’ ಮಾಮಾ ಏನೇ ಕೇಳಲಿ, ಎಷ್ಟೇ ಕುದಿಯಲಿ, ನಾನು ಎದ್ದು ನಿಂತು ತಣ್ಣಗೆ ಅದನ್ನೇ ಹೇಳಿ ಕೂರಬೇಕು. ಮನೆಯ ಪಕ್ಕದ ಸ್ಟೇಷನ್ನಿಗೆ ಆಗಾಗ ಬರುವ ರೈಲು ಕಿಟಕಿ ನಡುಗಿಸಿ ವಿರೋಧ ಪಕ್ಷದ ಕೆಲಸ ಮಾಡುತ್ತಿತ್ತು. ಮಾಮಾ ಭಾಷಣ ಶುರು ಮಾಡುತ್ತಿದ್ದುದು ಶುದ್ಧ ಮರಾಠಿಯಲ್ಲಿ. ಎಂಟು ವರ್ಷದ ಹುಡುಗ ಟವೆಲ್ಲು ಎತ್ತುವ ಜಾಗಕ್ಕೆ ಬರುವಷ್ಟರಲ್ಲಿ ಕನ್ನಡಕ್ಕೆ ಇಳಿದಿರುತ್ತಿದ್ದರು. ಎಡಗೈ ಕೆನ್ನೆಗೆ ಹೋಗುತ್ತಿತ್ತು. ಸರಿಯಾಗಿ ಆಗಲೇ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಮಾಮಿ ಗಂಟೆ ಬಾರಿಸಿ, ‘ಮಾನ್ಯ ಸದಸ್ಯರ ಟೈಮ್ ಮುಗೀತು, ಕೂಡ್ರಿ’ ಎಂದು ಒಳಗೆ ಓಡುತ್ತಿದ್ದರು.

‘ಇನ್ನ ಎರಡು ಮಿನಿಟ್ ಕೊಡ್ರಿ, ಅಧ್ಯಕ್ಷರ!’

‘ಕೊಡ್ಲಿಕ್ಕೆ ಬರಂಗಿಲ್ಲ. ಅನ್ನ ಮುದ್ದಿ ಆಗ್ತದ.’

ಅಲ್ಲಿಂದ ಮಾಮಾ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಏನ್ರೀ ಮಂತ್ರಿಗಳ, ಚಹಾ ಆತೇನ್ರಿ?’ ಎನ್ನುತ್ತಿದ್ದರು. ಕಾಲೇಜು ಮುಗಿದು, ಪುಣೆಯಲ್ಲೇ ನೌಕರಿ, ಮದುವೆ ಎಲ್ಲ ಆದ ಮೇಲೂ ಮಂತ್ರಿಗಿರಿ ನನ್ನನ್ನು ಬಿಡಲಿಲ್ಲ. ಫೋನಿನಲ್ಲೂ ‘ಮಂತ್ರಿಗಳು ಅದಾರೇನು?’ ಎಂದು ಕೇಳಿ ನನ್ನ ಗಂಡನ ಮನೆಯವರನ್ನು ಗಾಬರಿಪಡಿಸಿದ್ದರು.

ಎರಡನೆಯ ಅವಧಿಯ ಕೊನೆಯಲ್ಲಿ, ಯಾರೂ ನಿರೀಕ್ಷಿಸದ ಒಂದು ಶುಕ್ರವಾರ, ಸರದಿ ಬಂದೇಬಿಟ್ಟಿತು! ಸುದ್ದಿ ತಿಳಿದು ಆ ಸಂಜೆ ನಾನು ಬೇಕೆಂದೇ ಅವರ ಮನೆಗೆ ಹೋಗಿ ಕಾದಿದ್ದೆ. ರೈಲಿನಿಂದ ಇಳಿದು ಬಂದ ಮಾಮಾ ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಕುಳಿತು, ಒಂದು ತಂಬಿಗೆ ನೀರು ಕುಡಿದರು. ಹತ್ತು ವರ್ಷ ತಾಲೀಮು ಮಾಡಿದ ಭಾಷಣಕ್ಕೆ ಮೂರು ನಿಮಿಷ ಸಿಕ್ಕಿತ್ತಂತೆ. ಕೆನ್ನೆಯ ಏಟಿನ ತನಕವೂ ಹೋಗಲಾಗಲಿಲ್ಲವಂತೆ. ಗಾಡಿಯಿಂದ ಶೇಂಗಾ ಇಳಿಸುವಷ್ಟರಲ್ಲಿ ಗಂಟೆ ಹೊಡೆಯಿತಂತೆ.

‘ಮಂತ್ರಿ ಏನಂದ, ಮಾಮಾ?’

‘ಮಾಹಿತಿ ಸಂಗ್ರಹ ಮಾಡ್ಲಿಕತ್ತೀವಿ ಅಂದ.’ ತಂಬಿಗೆ ಕೆಳಗಿಟ್ಟು, ‘ಆದ್ರ ನಿನ್ನಷ್ಟು ಚಂದ ಹೇಳ್ಲಿಲ್ಲ ಬಿಡು’ ಎಂದರು.

ಮಾಮಿ ಮೆಲ್ಲಗೆ ಕೇಳಿದರು: ‘ಯಾರರೆ ಮೇಜು ಕುಟ್ಟಿದ್ರೇನು?’ ಸದನದಲ್ಲಿ ಮಾತು ಮೆಚ್ಚಿದರೆ ಮೇಜು ಕುಟ್ಟುತ್ತಾರಲ್ಲ, ಅದು. ಮಾಮಾ ಇಲ್ಲವೆಂದು ತಲೆಯಾಡಿಸಿದರು. ಮಾಮಿ ನನ್ನ ಮುಖ ನೋಡಿದರು. ಇಬ್ಬರೂ ಸೇರಿ ಊಟದ ಮೇಜನ್ನು ಎಂಥಾ ಪರಿ ಕುಟ್ಟಿದೆವೆಂದರೆ ಸ್ಟೀಲಿನ ಲೋಟ ಉರುಳಿ ಕೆಳಗಿನ ಮನೆಯವರು ಮೇಲೆ ಬಂದು ‘ಕಾಯ್ ಝಾಲಂ?’, ಏನಾಯಿತೆಂದು ಕೇಳಿದರು. ಮಾಮಾ ಬೇಗ ಎದ್ದು ಮುಖ ತೊಳೆಯಲು ಹೋದರು. ವಾಯಲ್ ಸೀರೆಯ ತುಂಡಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡರು.

ಮುಂದಿನ ಚುನಾವಣೆಯಲ್ಲಿ ಸೋತರು. ಸೋಲದೆ ಏನು ಮಾಡಿಯಾರು? ಬಿಸಿಲ ದಿನಗಳಲ್ಲಿ ಪ್ರಚಾರಕ್ಕೆ ಹೋಗಿ, ತಲೆಗೆ ಟವೆಲ್ ಸುತ್ತಿಕೊಂಡು ಕುಳಿತ ಸಾವಿರ ಜನ ರೈತರಿಗೆ ‘ಮೊದಲು ಟವೆಲ್ ತೆಗೀರಿ’ ಎಂದವರು ಅವರು! ಜನ ಟವೆಲ್ಲು ತೆಗೆಯಲಿಲ್ಲ, ಇವರನ್ನು ತೆಗೆದರು. ಗೆದ್ದ ಅಭ್ಯರ್ಥಿ ಊರೂರಿಗೆ ಟವೆಲ್ ಹಂಚಿದ್ದನಂತೆ. ಅದನ್ನು ಹೇಳಿದವರು ಮಾಮಾನೇ, ಹೊಟ್ಟೆ ಹಿಡಿದುಕೊಂಡು ನಗುತ್ತ.

ಅದಾದ ಎರಡು ವರ್ಷಕ್ಕೆ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಹತ್ತು ವರ್ಷ ‘ಬಾಯಿಬಿಟ್ಟು ಹೇಳ್ರಿ’ ಎಂದು ಊರೆಲ್ಲ ಕೂಗಿದವರ ಬಾಯೇ ಕಟ್ಟಿಹೋಯಿತು. ಎಡಗೈ ಒಂದು ಆಡುತ್ತಿತ್ತು. ಕಣ್ಣು, ಕಿವಿ, ಬುದ್ಧಿ ಎಲ್ಲ ಚೊಕ್ಕಟ.

ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಡಾಕ್ಟರು ಬಂದರು. ಚಿಕ್ಕ ವಯಸ್ಸಿನವರು, ತುಂಬಾ ಸೌಮ್ಯ. ಮಾಮಿಯನ್ನೂ ನನ್ನನ್ನೂ ಮಂಚದ ಆಚೆಗೆ ಕರೆದು, ನಡುವಿನ ಪರದೆ ಎಳೆದು, ದನಿ ತಗ್ಗಿಸಿ ಹೇಳಿದರು. ಹೃದಯ ತೀರಾ ಸೋತಿದೆ, ಹೆಚ್ಚೆಂದರೆ ಎರಡು ತಿಂಗಳು. ಮಾಮಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅವರಿಗೆ ಹೇಳಬೇಡ ಎಂದು ನನಗೆ ಕೈಸನ್ನೆ ಮಾಡಿದರು. ನಾನೂ ತಲೆಯಾಡಿಸಿದೆ. ಮುಖಕ್ಕೆ ನಗು ಹಚ್ಚಿಕೊಂಡು ಈಚೆ ಬಂದೆ. ಮಾಮಾ ಆ ಪರದೆಯನ್ನೇ ನೋಡುತ್ತ ಮಲಗಿದ್ದರು. ಅದು ಇನ್ನೂ ಅಲುಗಾಡುತ್ತಿತ್ತು.

‘ಏನಿಲ್ಲ ಮಾಮಾ, ರಿಪೋರ್ಟ್ ಇನ್ನೂ ಬರಬೇಕಂತ. ಎಲ್ಲಾ ಮಾಹಿತಿ ತಗೋಳಿಕತ್ತಾರ’ ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಮಂತ್ರಿಯ ಮಾತೆಂದು ನನಗೆ ತಿಳಿಯಿತು. ಮಾಮಾ ನನ್ನ ಮುಖ ನೋಡಿದರು. ಆಮೇಲೆ ಅವರ ಎಡಗೈ ಹಾಸಿಗೆಯಿಂದ ನಿಧಾನವಾಗಿ ಎದ್ದು ಎಡಗೆನ್ನೆಗೆ ಹೋಯಿತು.

ನಾನು ಹೋಗಿ ಆ ಪರದೆಯನ್ನು ಸರ್ರನೆ ಎಳೆದೆ. ಅದರ ಎರಡು ಕೊಂಡಿ ಕಿತ್ತು ಬಂದವು. ‘ಡಾಕ್ಟರ್, ಇಲ್ಲಿ ಬಂದು ಹೇಳಿ. ಜೋರಾಗಿ ಹೇಳಿ. ಮಾಲು ಅವರದು’ ಎಂದು ಮರಾಠಿಯಲ್ಲಿ ಕೂಗಿದೆ. ಆ ಹುಡುಗ ಡಾಕ್ಟರಿಗೆ ನನ್ನ ಮಾತು ಎಷ್ಟು ಅರ್ಥವಾಯಿತೋ ಕಾಣೆ. ಮಾಮಿಯ ಕಡೆ ನೋಡಿದರು. ಮಾಮಿ ಬಾಯಿಂದ ಸೆರಗು ತೆಗೆದು ‘ಹೇಳ್ರಿ’ ಎಂದು ತಲೆಯಾಡಿಸಿದರು. ಡಾಕ್ಟರು ಮಂಚದ ಪಕ್ಕ ಕುಳಿತು, ಮಾಮಾನ ಕಣ್ಣಲ್ಲಿ ಕಣ್ಣಿಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದರು. ಎರಡು ತಿಂಗಳು ಎಂಬುದನ್ನೂ ಹೇಳಿದರು.

ಮಾಮಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಡಗೈ ಚಾಚಿ, ಪಕ್ಕದಲ್ಲಿದ್ದ ಔಷಧಿಯ ಸಣ್ಣ ತಗಡಿನ ಮೇಜನ್ನು ಕುಟ್ಟಿದರು. ಒಂದು ಸಲ, ಎರಡು ಸಲ, ಮತ್ತೆ ಮತ್ತೆ. ಶೀಸೆಗಳೆಲ್ಲ ಕುಣಿದವು. ಇಡೀ ವಾರ್ಡು ತಿರುಗಿ ನೋಡಿತು. ಅವರು ನಗುತ್ತಿದ್ದರು, ಬಾಯಿ ಒಂದೇ ಕಡೆ ಏಳುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ನನಗೂ ಅಳು ತಡೆಯಲಾಗಲಿಲ್ಲ. ಆಮೇಲೆ ಅವರ ತುಟಿ ಏನನ್ನೋ ಹೇಳಲು ಹೆಣಗತೊಡಗಿತು. ಬರೀ ಉಸಿರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನರ್ಸ್ ಬಂದು, ಸುಸ್ತು ಮಾಡಿಕೊಳ್ಳಬೇಡಿ, ಸಾಕು ಎಂದಳು.

ಮಾಮಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ಟೂಲು ಎಳೆದುಕೊಂಡು ಮಾಮಾನ ಎದುರಿಗೆ ಕುಳಿತರು. ಗುರುವಾರ ಸಂಜೆಯ ಅದೇ ದನಿಯಲ್ಲಿ, ನರ್ಸಿಗೆ ಕೇಳುವಷ್ಟು ಜೋರಾಗಿ ಹೇಳಿದರು:

‘ಮಾನ್ಯ ಸದಸ್ಯರು ಸಾವಕಾಶ ಮಾತಾಡ್ಲಿ. ಸದನಕ್ಕ ಭಾಳ ಟೈಮ್ ಅದ.’